ಒಂದು ಎಸಳು ಹೊಗೆಸೊಪ್ಪು

ನನಗೀಗ 26 ವಾರ. ವಯಸ್ಸು 38. ಮಗ ಆರನೇ ಕ್ಲಾಸು. ಈ ಬಸಿರು ನಾವು ಬೇಕೆಂದು ಮಾಡಿಕೊಂಡದ್ದಲ್ಲ. ಆದರೆ ನನ್ನ ನಿದ್ದೆ ಕೆಡಿಸಿದ್ದು ಅದಲ್ಲ. ನಾನು ಹೊಗೆಸೊಪ್ಪು ಹಾಕುತ್ತಿದ್ದೆ. ಕವಳದ ಜೊತೆ, ಅಂದರೆ ಎಲೆ-ಅಡಿಕೆಯ ಜೊತೆ, ದಿನಕ್ಕೆ ಐದಾರು ಸಲ.

ಸಾಗರದ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮನೆಗೆ ಬಂದವರಿಗೆ ನೀರು, ಬೆಲ್ಲ ಕೊಟ್ಟಮೇಲೆ ಕವಳದ ತಟ್ಟೆ ಮುಂದಿಡುತ್ತೇವೆ. ನನಗೆ ಹದಿಮೂರು ವರ್ಷವಿದ್ದಾಗ ದವಡೆ ಹಲ್ಲು ನೋವು ಬಂತು. ಅಜ್ಜಿ ತನ್ನ ತಟ್ಟೆಯಿಂದ ಉಗುರಿನಷ್ಟು ಎಸಳು ಮುರಿದುಕೊಟ್ಟು, "ಕಚ್ಚಿ ಹಿಡಿ, ನುಂಗಬೇಡ" ಎಂದಳು. ತಲೆ ಗಿರ್ರೆಂದಿತು. ನೋವು ಹೋಯಿತು. ಅಜ್ಜಿ ಕೊಟ್ಟದ್ದು ಪ್ರೀತಿಯಿಂದ. ಅವಳ ಮೇಲೆ ನನಗೆ ಇವತ್ತಿಗೂ ಸಿಟ್ಟಿಲ್ಲ.

ಮಗ ಹೊಟ್ಟೆಯಲ್ಲಿದ್ದಾಗ ವಾಂತಿ ಎಷ್ಟಿತ್ತೆಂದರೆ ಎಲೆಯ ವಾಸನೆಯೂ ಆಗುತ್ತಿರಲಿಲ್ಲ. ತಾನಾಗಿಯೇ ಬಿಟ್ಟುಹೋಯಿತು. ಅವನಿಗೆ ಎರಡು ವರ್ಷವಾದ ಮೇಲೆ ಮತ್ತೆ ಶುರುವಾಯಿತು. ಇದನ್ನು ಚಟ ಎಂದು ನಾನು ಯಾವತ್ತೂ ಅಂದುಕೊಂಡಿರಲಿಲ್ಲ. ಚಟ ಎಂದರೆ ಕುಡಿಯುವವರದ್ದು, ಅಲ್ವಾ? ಆದರೂ ಕೆಲಸ ಮಾಡುವ ಸೊಸೈಟಿಯಲ್ಲಿ ಕವಳ ಹಾಕುವಾಗ ಎಸಳನ್ನು ಮಾತ್ರ ಯಾರಿಗೂ ಕಾಣದಂತೆ ಸೇರಿಸಿಕೊಳ್ಳುತ್ತಿದ್ದೆ. ಅಂದರೆ ಮನಸ್ಸಿಗೆ ಗೊತ್ತಿತ್ತು.

ಕಳೆದ ಕೊಯ್ಲಿನಲ್ಲಿ ಜಾಸ್ತಿಯಾಯಿತು. ರಾತ್ರಿ ಹನ್ನೊಂದರವರೆಗೆ ಅಡಿಕೆ ಸುಲಿಯುತ್ತಾ ಕೂತರೆ ನಿದ್ದೆ ತೂಗುತ್ತದೆ. ಒಂದು ಎಸಳು ಹಾಕಿದರೆ ಕಣ್ಣು ತೆರೆಯುತ್ತದೆ. ಮುಟ್ಟು ಬರಲಿಲ್ಲ. ವಯಸ್ಸಾಯಿತು, ಏರುಪೇರಿರಬಹುದು ಎಂದು ಸುಮ್ಮನಿದ್ದೆ. ಬಸಿರಾಗದಂತೆ ಹಾಕಿಸಿಕೊಂಡಿದ್ದ ಕಾಪರ್ ಟಿಯನ್ನು, ರಕ್ತಸ್ರಾವ ಜಾಸ್ತಿ ಎಂದು ಹಿಂದಿನ ವರ್ಷ ತೆಗೆಸಿದ್ದೆ. ಆಮೇಲೆ ಬರೀ ದಿನದ ಲೆಕ್ಕ. ಕೊಯ್ಲು ಮುಗಿದ ಮೇಲೆ ಸುಮ್ನೆ ಒಂದು ಪರೀಕ್ಷೆ ಮಾಡಿ ನೋಡಿದೆ. ಎರಡು ಗೆರೆ.

ಆ ರಾತ್ರಿ ಗೋಡೆಯ ಕ್ಯಾಲೆಂಡರ್ ತೆಗೆದುಕೊಂಡು ಅಡುಗೆಮನೆಯಲ್ಲಿ ಕೂತೆ. ಒಂಬತ್ತು ವಾರ. ದಿನಕ್ಕೆ ಆರು. ಮುನ್ನೂರಕ್ಕೂ ಜಾಸ್ತಿ ಎಸಳು. ಮಗುವಿನ ಬಾಯಿಗೆ ನನ್ನ ಕೈಯಾರೆ ಇಟ್ಟಂತೆ ಅನ್ನಿಸಿತು. ಬೆಳಿಗ್ಗೆ ಎದ್ದು ತಟ್ಟೆಯನ್ನು ಅಟ್ಟಕ್ಕೆ ಹಾಕಿದೆ. ಮಧ್ಯಾಹ್ನ ಊಟವಾದ ಮೇಲೆ ಏಣಿ ಹತ್ತಿ ಅದನ್ನೇ ಇಳಿಸಿದೆ. ನಾನು ಅತ್ತಿದ್ದು ಆಗ.

ಮೊದಲು ತೋರಿಸಿದ ಕಡೆ ಡಾಕ್ಟರು ಫಾರಂ ತುಂಬುತ್ತಾ ನನ್ನ ಯಜಮಾನರ ಕಡೆ ತಿರುಗಿ, "ಸಿಗರೇಟು, ಕುಡಿತ ಏನಾದ್ರೂ ಇದೆಯಾ?" ಎಂದರು. ಇವರು ಇಲ್ಲ ಎಂದರು. ನನ್ನನ್ನು ಕೇಳಲೇ ಇಲ್ಲ. ಕೇಳಿದ್ದರೆ ಹೇಳುತ್ತಿದ್ದೆನೋ ಏನೋ. ಕೇಳದೆ ಹೇಳುವ ಧೈರ್ಯವಂತೂ ಇರಲಿಲ್ಲ. ಬಾಯಲ್ಲಿ ಲವಂಗ ಇಟ್ಟುಕೊಂಡು ಹೋಗಿದ್ದೆ, ವಾಸನೆ ಬರಬಾರದೆಂದು. ಅಲ್ಲಿಂದ ಮೂರು ವಾರ ದಿನಕ್ಕೆ ಎರಡು ಎಸಳು, ಕೊಟ್ಟಿಗೆಯ ಹಿಂದೆ ನಿಂತು. ಯಾರಿಗಾದರೂ ಹೇಳಿದ್ದರೆ ಆ ಮೂರು ವಾರ ಉಳಿಯುತ್ತಿತ್ತು. ನನಗೆ ಇವತ್ತಿಗೂ ನೋವಿರುವುದು ಆ ಮೂರು ವಾರದ ಬಗ್ಗೆ. ಗೊತ್ತಿಲ್ಲದೆ ಹಾಕಿದ್ದರ ಬಗ್ಗೆ ಅಷ್ಟಿಲ್ಲ.

12ನೇ ವಾರದ ಸ್ಕ್ಯಾನಿಗೆ ಶಿವಮೊಗ್ಗಕ್ಕೆ ಹೋದೆವು. ಪರದೆಯಲ್ಲಿ ಮಗು ಒಂದು ಕೈ ಎತ್ತಿ ಇಳಿಸಿತು. ನನಗೆ ತಡೆಯಲಾಗಲಿಲ್ಲ. ಅಲ್ಲಿದ್ದ ಲೇಡಿ ಡಾಕ್ಟರ ಹತ್ತಿರ ಇವರನ್ನು ಹೊರಗೆ ಕಳಿಸಿ ಎಲ್ಲ ಹೇಳಿದೆ. ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಪೆನ್ನು ತೆಗೆದುಕೊಂಡು, "ದಿನಕ್ಕೆ ಎಷ್ಟು? ಎಷ್ಟು ಹೊತ್ತು ಬಾಯಲ್ಲಿ ಇರುತ್ತೆ? ರಾತ್ರಿ ಇಟ್ಟುಕೊಂಡೇ ಮಲಗ್ತೀರಾ?" ಎಂದು ಕೇಳಿದರು. ಶುಗರ್ ಎಷ್ಟಿದೆ ಎಂದು ಕೇಳುವ ಹಾಗೆ.

ನನ್ನ ಲೆಕ್ಕವನ್ನು ಮೊದಲು ತಿದ್ದಿದರು. ವಾರ ಎಣಿಸುವುದು ಕೊನೆಯ ಮುಟ್ಟಿನ ಮೊದಲ ದಿನದಿಂದ. ಮೊದಲ ಎರಡು ವಾರ ಮಗುವೇ ಇರುವುದಿಲ್ಲ. ಇಷ್ಟು ಸಣ್ಣ ವಿಷಯ ನನಗೆ ಎರಡನೇ ಬಸಿರಿನಲ್ಲೂ ಗೊತ್ತಿರಲಿಲ್ಲ. ಹಾಗೆಂದು ಏನೂ ಆಗುವುದಿಲ್ಲ ಎಂದು ಅವರು ಸಮಾಧಾನ ಹೇಳಲಿಲ್ಲ. ಹೊಗೆ ಬಾರದಿದ್ದರೂ ನಿಕೋಟಿನ್ ಬಾಯಿಯ ಒಳಪದರದಿಂದಲೇ ರಕ್ತಕ್ಕೆ ಇಳಿಯುತ್ತದೆ, ಮಾಸು ದಾಟಿ ಮಗುವಿಗೆ ಹೋಗುತ್ತದೆ. ಮಾಸಿನ ರಕ್ತನಾಳ ಬಿಗಿದರೆ ಮಗುವಿಗೆ ಹೋಗುವ ಆಹಾರ, ಗಾಳಿ ಕಡಿಮೆ. ತೂಕ ಕಡಿಮೆಯಾಗಬಹುದು, ದಿನ ತುಂಬುವ ಮೊದಲೇ ಹೆರಿಗೆಯಾಗಬಹುದು, ಹೊಟ್ಟೆಯಲ್ಲೇ ಮಗು ಹೋಗುವ ಅಪಾಯವೂ ಜಾಸ್ತಿ. ಬರೀ ಅಡಿಕೆಯೂ ಒಳ್ಳೆಯದಲ್ಲ ಎಂದರು. ಅಡಿಕೆ ನಮ್ಮ ಅನ್ನ. ಆ ಮಾತು ಕೇಳುವುದು ಕಷ್ಟವಾಯಿತು. ಆದರೂ ಕೇಳಿದೆ.

"ಆದರೆ ಮಗು ತೂಕ ಹಾಕಿಕೊಳ್ಳುವ ಕಾಲ ಇನ್ನೂ ಮುಂದಿದೆ. ಇವತ್ತು ಬಿಟ್ಟರೆ ಇವತ್ತಿಂದಲೇ ಲಾಭ" ಎಂದರು.

ತೆಗೆಸಿಬಿಡಬೇಕಾ ಎಂದೂ ಕೇಳಿದೆ. ಹೌದು, ಕೇಳಿದೆ. ಹೊಗೆಸೊಪ್ಪಿನ ಹೆದರಿಕೆಗಾಗಿ ತೆಗೆಸುವ ಅಗತ್ಯವಿಲ್ಲ ಎಂದರು. ಮಗು ಬೇಡ ಎಂದಿದ್ದರೆ ಅದು ಬೇರೆ ಮಾತು, ಕಾನೂನು 20 ವಾರದವರೆಗೆ ಒಬ್ಬ ಡಾಕ್ಟರ ಅಭಿಪ್ರಾಯದ ಮೇಲೆ ಅವಕಾಶ ಕೊಡುತ್ತದೆ, ಗಂಡನ ಸಹಿ ಬೇಕಿಲ್ಲ ಎಂದೂ ತಿಳಿಸಿದರು. ಬಸ್ಸಿನಲ್ಲಿ ಬರುವಾಗ ಯೋಚಿಸಿದೆ. ನನಗೆ ಮಗು ಬೇಡವಾಗಿರಲಿಲ್ಲ. ಮಾಡಿದ ತಪ್ಪಿನಿಂದ ತಪ್ಪಿಸಿಕೊಳ್ಳಬೇಕಿತ್ತು ಅಷ್ಟೇ. ಕುಂಸಿ ದಾಟುವ ಹೊತ್ತಿಗೆ ಇವರಿಗೆ ಎಲ್ಲ ಹೇಳಿದೆ. ಇವರು ಸ್ವಲ್ಪ ಹೊತ್ತು ಕಿಟಕಿ ನೋಡಿ, "ನಂಗೂ ಗೊತ್ತಿತ್ತು, ಕೇಳೋಕೆ ಹೆದರಿಕೆಯಾಗ್ತಿತ್ತು" ಎಂದರು.

ತಂಬಾಕು ಬಿಡಿಸುವ ಸಹಾಯವಾಣಿ 1800-11-2356. ಉಚಿತ. ಸಿಗರೇಟು, ತಂಬಾಕು ಪ್ಯಾಕೆಟ್ಟಿನ ಮೇಲೆ ಅಚ್ಚು ಹಾಕಿರುತ್ತಾರಂತೆ. ನಮ್ಮದು ಸಂತೆಯಿಂದ ಪೇಪರಿನಲ್ಲಿ ಕಟ್ಟಿ ತರುವ ಎಲೆ. ಅದರ ಮೇಲೆ ಯಾವ ನಂಬರೂ ಇಲ್ಲ, ಯಾವ ಚಿತ್ರವೂ ಇಲ್ಲ. ಡಾಕ್ಟರೇ ಚೀಟಿಯಲ್ಲಿ ಬರೆದುಕೊಟ್ಟರು. ಫೋನಿನಲ್ಲಿ ಒಬ್ಬರು ಕನ್ನಡದಲ್ಲೇ ಮಾತಾಡಿದರು. ಯಾವ ಹೊತ್ತಿಗೆ ಜಾಸ್ತಿ ಬೇಕೆನಿಸುತ್ತದೆ ಎಂದು ಕೇಳಿದರು. ಊಟವಾದ ಕೂಡಲೇ ಎಂದೆ. ಹಾಗಾದರೆ ಊಟದ ತಟ್ಟೆ ಇಟ್ಟವಳೇ ಎದ್ದು ತೋಟಕ್ಕೆ ಹೋಗಿ ಎಂದರು. ಒಣಗಿಸಿದ ನೆಲ್ಲಿಕಾಯಿ ಚೂರು ಬಾಯಲ್ಲಿಟ್ಟುಕೊಂಡು ಹೋಗುತ್ತೇನೆ.

ಮೊದಲ ವಾರ ತಲೆನೋವು, ಮಲಬದ್ಧತೆ, ಮಗನ ಮೇಲೆ ಕಾರಣವಿಲ್ಲದೆ ಕೂಗಾಟ. ಇಪ್ಪತ್ತನೇ ದಿನ ಒಂದು ಮದುವೆ ಮನೆಯಲ್ಲಿ ಒಂದು ಎಸಳು ಹಾಕಿಬಿಟ್ಟೆ. ಮರುದಿನ ಫೋನ್ ಮಾಡಿ ಹೇಳಿದೆ. ಇವತ್ತಿನಿಂದ ಮತ್ತೆ ಒಂದು ಎಂದು ಎಣಿಸಿ ಎಂದರು. ಈಗ ಎಪ್ಪತ್ತೇಳು.

ಐದನೇ ತಿಂಗಳ ಸ್ಕ್ಯಾನಿನಲ್ಲಿ ಬೆನ್ನು, ಹೃದಯ, ಕೈಕಾಲು ಸರಿಯಿದೆ ಎಂದರು. ಬೆಳವಣಿಗೆ ಹೇಗಿದೆ ಎನ್ನುವುದು ಮುಂದಿನ ಸ್ಕ್ಯಾನಿನಲ್ಲಿ ಗೊತ್ತಾಗಬೇಕು. ಆ ತಾರೀಕಿಗೆ ಕ್ಯಾಲೆಂಡರಿನಲ್ಲಿ ಗುರುತು ಹಾಕಿದ್ದೇನೆ. ಹೆದರಿಕೆ ಹೋಗಿಲ್ಲ. ಮಧ್ಯಾಹ್ನ ತೋಟದ ದಾರಿಯಲ್ಲಿ ನಡೆಯುವಾಗ ಮಗು ಸುಮ್ಮನಿರುತ್ತದೆ. ವಾಪಸ್ ಬಂದು ಜಗಲಿಯಲ್ಲಿ ಕೂತ ಕೂಡಲೇ ಎಡಗಡೆ ಒದೆಯಲು ಶುರು ಮಾಡುತ್ತದೆ. ನಾನು ಕೈ ಇಟ್ಟುಕೊಂಡು ಎಣಿಸುತ್ತೇನೆ.