ಮೀಮ್ ಕಲಿಸುವುದಕ್ಕೂ ಸಂಬಳವೇ?

ಮದುವೆಮನೆಯ ಪಂಕ್ತಿಯಲ್ಲಿ ಕುಳಿತರೆ ಸಾಕು, ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ. ಕಳೆದ ಸಲ ಕಾಕಾ ಕೇಳಿದರು: "ಏನವ್ವಾ, ಲೈಬ್ರರಿಯಲ್ಲಿ ಹುಡುಗರಿಗೆ ಮೀಮ್ ಕಲಿಸುತ್ತೀಯಂತೆ. ಅದಕ್ಕೂ ಸಂಬಳ ಕೊಡುತ್ತಾರೇನು?"

ಬಾಗಲಕೋಟೆಯ ನವನಗರದ ಪದವಿ ಕಾಲೇಜೊಂದರಲ್ಲಿ ನಾನು ಗ್ರಂಥಪಾಲಕಿ. ಸಂಬಳ ಕೊಡುತ್ತಾರೆ. ಆದರೆ ಚಿತ್ರಕ್ಕೆ ನಗೆಮಾತು ಅಂಟಿಸಿ ಹಂಚುವ ಆ ಮೀಮ್ ಮಾಡುವುದನ್ನು ನಾನು ಕಲಿಸುವುದಿಲ್ಲ, ಅದು ಅವರಿಗೇ ಚೆನ್ನಾಗಿ ಗೊತ್ತು. ನಕ್ಕು ಮುಂದಕ್ಕೆ ಸರಿಯುವ ಬೆರಳನ್ನು ಒಂದು ಗಳಿಗೆ ತಡೆಯುತ್ತೇನೆ, ಅಷ್ಟೇ.

ಮೊದಲ ದಿನ ಎಲ್ಲರೂ ನೋಡಿರುವ ಚಿತ್ರವನ್ನೇ ತೋರಿಸುತ್ತೇನೆ: ಗೆಳತಿಯ ಜೊತೆ ನಡೆಯುತ್ತಲೇ ದಾಟಿಹೋದ ಇನ್ನೊಬ್ಬಳನ್ನು ತಿರುಗಿ ನೋಡುವ ಹುಡುಗ. ಎಲ್ಲಿಯದು ಎಂದರೆ ಯಾವುದೋ ಸಿನಿಮಾದ್ದು ಎನ್ನುತ್ತಾರೆ. ಅಲ್ಲ. ಸ್ಪೇನಿನ ಛಾಯಾಗ್ರಾಹಕ ಆಂಟೋನಿಯೊ ಗಿಯೆಮ್ 2015ರಲ್ಲಿ ಮಾರಾಟಕ್ಕೆಂದು ರೂಪದರ್ಶಿಗಳನ್ನು ನಿಲ್ಲಿಸಿ ತೆಗೆದ ಫೋಟೋ ಅದು. ಜಗತ್ತೆಲ್ಲ ಅದನ್ನು ಮೀಮ್ ಮಾಡಿ ನಕ್ಕಿದ್ದು 2017ರಲ್ಲಿ. ಮೂರು ಚೀಟಿ ಕೊಟ್ಟರೆ ಹುಡುಗರು ಹುಡುಗನಿಗೆ 'ವಿದ್ಯಾರ್ಥಿ', ಗೆಳತಿಗೆ 'ಪಠ್ಯಪುಸ್ತಕ', ದಾಟಿಹೋದವಳಿಗೆ 'ಗೈಡ್' ಎಂದು ಅಂಟಿಸುತ್ತಾರೆ. ಚೀಟಿ ಕಿತ್ತರೆ ಮಾತೂ ಹೋಯಿತು. ಚಿತ್ರ ತಾನಾಗಿ ಏನನ್ನೂ ಹೇಳಿರಲಿಲ್ಲ ಎಂಬುದು ಅವರಿಗೆ ಆಗಲೇ ಅರ್ಥವಾಗಿರುತ್ತದೆ.

ಇದೇ ಕಣ್ಣು ಸುದ್ದಿಯ ಫೋಟೋ ಬಂದಾಗ ಮುಚ್ಚಿಕೊಳ್ಳುತ್ತದೆ. ಒಂದು ಮಳೆಗಾಲದಲ್ಲಿ ಭೋರ್ಗರೆಯುವ ಅಣೆಕಟ್ಟೆಯ ಫೋಟೋ ಬಂತು, ಮೇಲೆ 'ಆಲಮಟ್ಟಿ ಎಲ್ಲ ಗೇಟೂ ಓಪನ್', ಕೆಳಗೆ ಅಳುವ ಮುಖದ ಜೋಕು. ಅರ್ಧ ತರಗತಿ ಆಗಲೇ ಕಳಿಸಿಯೂ ಆಗಿತ್ತು. ಏನು ಕಾಣುತ್ತಿದೆ, ಅಷ್ಟು ಮಾತ್ರ ಹೇಳಿ ಎಂದೆ. ನೀರು, ನೊರೆ, ಗುಡ್ಡ. ಹಿಂದಿನ ಬೆಂಚಿನ ಹುಡುಗನೊಬ್ಬ ಬೆರಳಿಟ್ಟು ಎಣಿಸತೊಡಗಿದ. "ಮೇಡಂ, ಇಲ್ಲಿ ಹನ್ನೊಂದೇ ಗೇಟು. ಆಲಮಟ್ಟಿಗೆ 26." ಅವನ ಊರು ಹಿನ್ನೀರಿನಲ್ಲಿ ಮುಳುಗಿದ್ದು, ಅವನಿಗೆ ಆ ಲೆಕ್ಕ ಮನೆಮಾತು. ಫೋಟೋ ಮೊದಲು ಎಲ್ಲೆಲ್ಲಿ ಬಂದಿತ್ತೆಂದು ಹುಡುಕಿಕೊಡುವ ಗೂಗಲ್ ಲೆನ್ಸ್‌ಗೆ ಹಾಕಿದರೆ ಅದೇ ಫೋಟೋ ಬೇರೆ ಬೇರೆ ವರ್ಷ, ಬೇರೆ ಬೇರೆ ಅಣೆಕಟ್ಟೆಯ ಹೆಸರು ಹೊತ್ತು ತಿರುಗಿತ್ತು. ಯಂತ್ರಕ್ಕಿಂತ ಮೊದಲು ಅದನ್ನು ಹಿಡಿದದ್ದು ಅವನ ಬೆರಳು ಎಂಬುದು ನನಗೆ ದೊಡ್ಡ ವಿಷಯ. ಎಐ ಈಗಷ್ಟೇ ಬರೆದುಕೊಟ್ಟ ಚಿತ್ರಕ್ಕೆ ಹಳೆಯ ಜಾಡೇ ಇರುವುದಿಲ್ಲ, ಅಲ್ಲಿ ಲೆನ್ಸ್ ಕೈಚೆಲ್ಲಬಹುದು.

2018ರಲ್ಲಿ ವಾಟ್ಸ್‌ಆ್ಯಪ್ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಚಾಟ್‌ಗಳಿಗಷ್ಟೇ ಕಳಿಸಬಹುದು ಎಂದು ಕಡಿವಾಣ ಹಾಕಿತು. ನಮ್ಮ ಕಾಕಾ ಐದೈದಾಗಿ ಕಳಿಸುತ್ತಾರೆ.

ಸಹೋದ್ಯೋಗಿಗಳ ಪ್ರಶ್ನೆ ಬೇರೆ: ಇದಕ್ಕೆ ಎಷ್ಟು ಅಂಕ? ಸೊನ್ನೆ. ಹಾಗಾಗಿ ಪರೀಕ್ಷೆ ಹತ್ತಿರ ಬಂದರೆ ಬರುವವರು ಹತ್ತು ಜನ. ಬೇಜಾರಾಗುತ್ತದೆ, ಸುಳ್ಳೇಕೆ ಹೇಳಲಿ.

ಮೊನ್ನೆ ರಾತ್ರಿ ಕಾಕಾ ನಮ್ಮ ಮನೆಯ ಗುಂಪಿಗೆ ಮುಳುಗಿದ ಬೀದಿಯೊಂದರ ಫೋಟೋ ಹಾಕಿದರು: 'ಬಾಗಲಕೋಟೆ, ಈಗ'. ಅದನ್ನು ಆ ಹತ್ತು ಜನರಿಗೆ ಕಳಿಸಿ, ಏನು ಕಾಣುತ್ತದೆ ಎಂದು ಕೇಳಿದೆ. ಎರಡು ನಿಮಿಷಕ್ಕೆ ಒಬ್ಬಳ ಉತ್ತರ ಬಂತು, ಅಂಗಡಿಯ ಬೋರ್ಡನ್ನಷ್ಟೇ ಕತ್ತರಿಸಿ ದೊಡ್ಡದು ಮಾಡಿದ ಚಿತ್ರದ ಜೊತೆ:

"ತಲೆಕಟ್ಟು ನೋಡಿ ಮೇಡಂ. ಇದು ತೆಲುಗು."