ಹೌದು, ಆ ಸಿನಿಮಾ ನಾನು ನೋಡಿರಲಿಲ್ಲ

"ಸಿಂಪ್ಸನ್ಸ್ ನೋಡ್ತೀರಾ? ಅದರಲ್ಲಿ ಬರೋ ರೆಫರೆನ್ಸೆಲ್ಲ ನಿಮಗೆ ಗೊತ್ತಾಗುತ್ತಾ?"

ಇಪ್ಪತ್ತು ವರ್ಷದಿಂದ ಕೇಳುತ್ತಿದ್ದಾರೆ. ಆಫೀಸಿನಲ್ಲಿ ಕೇಳಿದ್ದಾರೆ, ಮದುವೆ ಮನೆಯಲ್ಲಿ ಕೇಳಿದ್ದಾರೆ. ಒಮ್ಮೆ ಹಲ್ಲಿನ ಡಾಕ್ಟರು ನನ್ನ ಬಾಯಿಗೆ ಹತ್ತಿ ತುರುಕಿದ ಮೇಲೆ ಕೇಳಿದರು. ಉತ್ತರ ಕೊಡದಿರಲು ಒಳ್ಳೆಯ ಕಾರಣ ಇದ್ದದ್ದು ಅವತ್ತೊಂದೇ ದಿನ. ಎಲ್ಲರಿಗಿಂತ ಜಾಸ್ತಿ ಕೇಳಿದವನು ನ್ಯೂಜೆರ್ಸಿಯಲ್ಲಿರುವ ನನ್ನ ಚಿಕ್ಕಪ್ಪನ ಮಗ. ಊರಿಗೆ ಬಂದಾಗಲೆಲ್ಲ ಕೇಳುತ್ತಾನೆ. ಅದಕ್ಕೇ ಬರೆದಿಡುತ್ತಿದ್ದೇನೆ. ಇನ್ನು ಮುಂದೆ ಕೇಳಿದವರಿಗೆ ಇದರ ಲಿಂಕ್ ಕಳಿಸಿ ಸುಮ್ಮನಾಗುತ್ತೇನೆ.

ನೋಡದವರಿಗೆ ಎರಡು ಮಾತು. ‘ದಿ ಸಿಂಪ್ಸನ್ಸ್’ ಅಮೆರಿಕದ ಕಾರ್ಟೂನ್ ಧಾರಾವಾಹಿ. ಮ್ಯಾಟ್ ಗ್ರೇನಿಂಗ್ ಹುಟ್ಟಿಸಿದ್ದು. 1987ರಲ್ಲಿ ಬೇರೊಂದು ಕಾರ್ಯಕ್ರಮದ ನಡುವೆ ಬರುವ ಪುಟ್ಟ ತುಣುಕುಗಳಾಗಿ ಶುರುವಾಯಿತು. 1989ರ ಡಿಸೆಂಬರ್‌ನಲ್ಲಿ ಬೇರೆ ಸಂಸಾರ ಹೂಡಿತು. ಹಳದಿ ಮೈಯ ಒಂದು ಕುಟುಂಬ. ಅಣುಸ್ಥಾವರದಲ್ಲಿ ಕೆಲಸಕ್ಕಿರುವ ದಡ್ಡ ಅಪ್ಪ ಹೋಮರ್, ಅಮ್ಮ ಮಾರ್ಜ್, ಮೂರು ಮಕ್ಕಳು. ಕಂತು ಕಂತಿನಲ್ಲೂ ಹಳೇ ಸಿನಿಮಾಗಳ ಅಣಕ ತುಂಬಿರುತ್ತದೆ.

ಈಗ ಉತ್ತರ. ಇಲ್ಲ, ಗೊತ್ತಾಗುತ್ತಿರಲಿಲ್ಲ. ಆದರೂ ಬಿದ್ದು ಬಿದ್ದು ನಗುತ್ತಿದ್ದೆ. ಅವಸರ ಇರುವವರು ಇಲ್ಲಿಂದಲೇ ಹೋಗಬಹುದು.

ನನಗೆ ಸಿಟ್ಟು ಬರುವುದು ಪ್ರಶ್ನೆಯ ಮೇಲಲ್ಲ, ಅದರ ಧಾಟಿಯ ಮೇಲೆ. "ಗೊತ್ತಾಗುತ್ತಾ" ಅನ್ನುವಾಗ ಕೊನೆಯ ಆ "ತಾ" ಸ್ವಲ್ಪ ಉದ್ದ ಆಗುತ್ತದೆ. ಊಟದ ಪಂಕ್ತಿಯಲ್ಲಿ ಬಡಿಸುವವನು "ಮಗೂಗೆ ಖಾರ ಆಗುತ್ತೇನೋ" ಅಂತ ಸೌಟು ಹಿಂದೆ ತೆಗೆದುಕೊಳ್ಳುತ್ತಾನಲ್ಲ, ಹಾಗೆ. ನಗು ಬರಬೇಕಾದರೆ ಮೊದಲು ಒಂದು ಪರೀಕ್ಷೆ ಪಾಸಾಗಬೇಕು ಅನ್ನುವ ನಂಬಿಕೆ ಅದರೊಳಗಿದೆ. ಪರೀಕ್ಷೆ ಇಂಗ್ಲಿಷಿನಲ್ಲಿ. ನಾನು ತಿಪಟೂರಿನವಳು. ಮುಂದಿನದನ್ನು ಅವರೇ ಊಹಿಸಿಕೊಳ್ಳುತ್ತಾರೆ.

ತಿಪಟೂರಿನ ಮನೆಗೆ ಕೇಬಲ್ ಬಂದದ್ದು ತೊಂಬತ್ತರ ದಶಕದ ಕೊನೆಗೆ. ರಾತ್ರಿ ಊಟ ಆದ ಮೇಲೆ ಒಂದು ಇಂಗ್ಲಿಷ್ ಚಾನೆಲ್‌ನಲ್ಲಿ ಈ ಹಳದಿ ಜನ ಬರುತ್ತಿದ್ದರು. ಅಪ್ಪ ಕೊಬ್ಬರಿ ಲೆಕ್ಕದ ಪುಸ್ತಕ ಹಿಡಿದು ಅಲ್ಲೇ ಕೂತಿರುತ್ತಿದ್ದರು. ಅವರಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ನನಗೂ ಅಷ್ಟಕ್ಕಷ್ಟೇ.

ಒಂದು ರಾತ್ರಿ ಬಂದದ್ದು 1993ರ ‘ಕೇಪ್ ಫಿಯರ್’ ಅನ್ನುವ ಕಂತು. ಜೈಲಿನಿಂದ ಬಿಡುಗಡೆಯಾದ ಸೈಡ್‌ಶೋ ಬಾಬ್ ಅನ್ನುವ ಖದೀಮ, ಹೋಮರನ ಮಗ ಬಾರ್ಟ್‌ನನ್ನು ಕೊಲ್ಲಲು ಹೊರಟಿದ್ದಾನೆ. ಸಿಂಪ್ಸನ್ ಸಂಸಾರ ಬೇರೆ ಊರಿಗೆ ಓಡುತ್ತದೆ. ಇವನು ಅವರ ಕಾರಿನ ಅಡಿಗೇ ತನ್ನನ್ನು ಕಟ್ಟಿಕೊಂಡು ಜೊತೆಗೆ ಹೋಗುತ್ತಾನೆ. ದಾರಿಯುದ್ದಕ್ಕೂ ಬೆನ್ನು ಜಜ್ಜಿಸಿಕೊಂಡು, ಕಳ್ಳಿಯ ಮುಳ್ಳಲ್ಲಿ ಹಾಯ್ದು, ಕೊನೆಗೆ ಕಾರಿನಡಿಯಿಂದ ಹೊರಗೆ ಬಂದು ಎದ್ದು ನಿಲ್ಲುತ್ತಾನೆ. ನೆಲದ ಮೇಲೆ ಎಲೆ ಗುಡಿಸುವ ಹಲ್ಲಿನ ಕೋಲು ಬಿದ್ದಿರುತ್ತದೆ. ಹಲ್ಲಿನ ಮೇಲೆ ಕಾಲಿಡುತ್ತಾನೆ. ಕೋಲು ಎದ್ದು ಮುಖಕ್ಕೆ ಪಟಾರನೆ ಬಡಿಯುತ್ತದೆ. ಇವನು ಗುರ್ರ್ ಅಂತ ನಡುಗುತ್ತಾನೆ. ತಿರುಗಿದರೆ ಇನ್ನೊಂದು ಕೋಲು. ಪಟಾರ್. ಮತ್ತೆ ಇನ್ನೊಂದು.

ಮೂರನೆಯದಕ್ಕೆ ಅಪ್ಪ ಪುಸ್ತಕ ಮುಚ್ಚಿದರು. ಐದನೆಯದಕ್ಕೆ ಮುಖ ಸಿಂಡರಿಸಿ "ಸಾಕು ಬಿಡಪ್ಪ" ಅಂದರು. ಏಳನೆಯದಕ್ಕೆ ಅವರ ಹೊಟ್ಟೆ ಅಲುಗಲು ಶುರುವಾಯಿತು. ಒಂಬತ್ತನೆಯದು ಬೀಳುವ ಹೊತ್ತಿಗೆ ಕಣ್ಣಲ್ಲಿ ನೀರು. "ಅವುನ್ನ ಎತ್ತಿಡೋಕೆ ಆ ಊರಲ್ಲಿ ಒಬ್ಬನೂ ಗತಿ ಇಲ್ವೇನೇ?" ಅಂತ ಕೇಳಿದರು. ಗುದ್ದಲಿಯ ಮೇಲೆ ಕಾಲಿಟ್ಟು ಕಾವು ಮೊಣಕಾಲಿಗೆ ಬಡಿಸಿಕೊಂಡ ಮನುಷ್ಯ ಅವರು. ಅವರಿಗೆ ಬೇಕಾದ ರೆಫರೆನ್ಸು ನಮ್ಮ ಹಿತ್ತಲಲ್ಲೇ ಇತ್ತು.

ಆಮೇಲೆ ತಿಳಿದದ್ದು ಹೇಳುತ್ತೇನೆ. ಆ ಕಂತಿಗೆ ಕೆಲವು ಸೆಕೆಂಡು ಕಡಿಮೆ ಬಿತ್ತು. ಕೋಲಿನ ಏಟನ್ನು ಮತ್ತೆ ಮತ್ತೆ ತೋರಿಸಿ ಎಳೆದು ಸಮ ಮಾಡಿದರು. ಸಿನಿಮಾದ ಅಣಕಕ್ಕೇ ಅಂತ ಮಾಡಿದ ಕಂತು, ಆದರೆ ಜನ ಇವತ್ತಿಗೂ ನೆನೆಸಿಕೊಳ್ಳುವುದು ಯಾವ ಸಿನಿಮಾದಿಂದಲೂ ತೆಗೆಯದ, ಜಾಗ ತುಂಬಿಸಲು ಹಾಕಿದ ಆ ಒಂಬತ್ತು ಏಟುಗಳನ್ನು.

ಅದೇ ಕಂತಿನಲ್ಲಿ ಇನ್ನೊಂದಿದೆ. ಗುಟ್ಟಾಗಿರಲಿ ಅಂತ ಪೊಲೀಸಿನವರು ಹೋಮರನ ಹೆಸರು ಬದಲಿಸುತ್ತಾರೆ. ಇನ್ನು ನೀನು ಮಿಸ್ಟರ್ ಥಾಂಪ್ಸನ್, ನಾನು "ಹಲೋ ಮಿಸ್ಟರ್ ಥಾಂಪ್ಸನ್" ಅಂತ ಹೇಳಿ ಕಾಲು ತುಳಿದ ಕೂಡಲೇ ನೀನು ನಕ್ಕು ತಲೆ ಆಡಿಸಬೇಕು ಅಂತಾನೆ ಅವರಲ್ಲೊಬ್ಬ. ಹೇಳುತ್ತಾನೆ, ತುಳಿಯುತ್ತಾನೆ. ಹೋಮರ್ ಪಕ್ಕದಲ್ಲಿರುವವನ ಕಡೆ ಬಾಗಿ, ಅವನು ನಿನ್ನ ಹತ್ತಿರ ಮಾತಾಡ್ತಿದ್ದಾನೆ ಅನ್ಸುತ್ತೆ ಅಂತಾನೆ. ಇದಕ್ಕೆ ಯಾವ ಹಾಲಿವುಡ್ ಓದಿಕೊಂಡಿರಬೇಕು? ಬ್ಯಾಂಕಿನ ಕೌಂಟರಿನಲ್ಲಿ ಒಂದು ಗಂಟೆ ಕೂತಿದ್ದರೆ ಸಾಕಲ್ವಾ.

ಇನ್ನು ಚಿಕ್ಕಪ್ಪನ ಮಗನಿಗೆ. "ಅದು ಸ್ಕಾರ್ಸೆಸಿ ಸಿನಿಮಾದ ಅಣಕ ಅಕ್ಕ, ರಾಬರ್ಟ್ ಡಿ ನಿರೋ ಅದ್ಭುತ, ಅದನ್ನ ನೋಡದೆ ಇದನ್ನ ನೋಡಿ ಏನು ಪ್ರಯೋಜನ?" ಅಂದಿದ್ದ. ಸರಿ. ನಿರ್ದೇಶಕ ಮಾರ್ಟಿನ್ ಸ್ಕಾರ್ಸೆಸಿಯ ‘ಕೇಪ್ ಫಿಯರ್’ ಸಿನಿಮಾ ಬಂದದ್ದು 1991ರಲ್ಲಿ. ಅದು 1962ರ ಸಿನಿಮಾದ ರೀಮೇಕು. ಅದು 1957ರ ಒಂದು ಕಾದಂಬರಿಯಿಂದ ಬಂದದ್ದು. 1962ರ ಚಿತ್ರದ ಇಬ್ಬರು ಮುಖ್ಯ ನಟರು, ಗ್ರೆಗರಿ ಪೆಕ್ ಮತ್ತು ರಾಬರ್ಟ್ ಮಿಚಮ್, 1991ರದ್ದರಲ್ಲಿ ಚಿಕ್ಕ ಪಾತ್ರ ಮಾಡಿದ್ದಾರೆ. ಬರ್ನಾರ್ಡ್ ಹೆರ್ಮನ್ 1962ಕ್ಕೆ ಕೊಟ್ಟ ಸಂಗೀತವನ್ನೇ 1991ಕ್ಕೂ ಹೊಂದಿಸಿದ್ದಾರೆ. ನೀನು 1962ರದ್ದು ನೋಡಿದ್ದೀಯಾ ಅಂತ ಕೇಳಿದೆ. ಇಲ್ಲ ಅಂದ. "ಹಾಗಾದ್ರೆ ಡಿ ನಿರೋ ನಿಂಗೆ ಗೊತ್ತಾಗುತ್ತಾ?" ಅಂದೆ. "ತಾ"ವನ್ನು ಸಾಕಷ್ಟು ಎಳೆದೇ ಅಂದೆ.

ನಾವೇನು ಬೇರೆ ಥರ ಬದುಕಿದ್ದೇವಾ? ‘ನಾಗರಹಾವು’ ಬಂದದ್ದು 1972ರಲ್ಲಿ. ನಾನು ಹುಟ್ಟೇ ಇರಲಿಲ್ಲ. ಆದರೆ ಅಂಬರೀಷರ "ಬುಲ್ ಬುಲ್ ಮಾತಾಡಕಿಲ್ವಾ" ನಮ್ಮ ಸ್ಕೂಲಿನ ಪ್ರತಿ ಹುಡುಗನ ಬಾಯಲ್ಲಿತ್ತು. ಅವರಲ್ಲಿ ಸಿನಿಮಾ ನೋಡಿದವರು ಕಮ್ಮಿ. ವಾರ್ಷಿಕೋತ್ಸವದ ಮಿಮಿಕ್ರಿಯಲ್ಲಿ ಕೇಳಿದ್ದನ್ನು ಇನ್ನೊಬ್ಬ ಮಿಮಿಕ್ರಿ ಮಾಡಿ, ಅದನ್ನು ಇವರು ಕಲಿತು. ನಾನು ಕೊನೆಗೂ ಸಿನಿಮಾ ನೋಡಿದಾಗ, ಜಲೀಲ ಬಾಯಿ ಬಿಟ್ಟ ಕೂಡಲೇ ನನಗೆ ಅನ್ನಿಸಿದ್ದು, ಅರೆ, ಇವನು ನಮ್ಮ ಕ್ಲಾಸಿನ ಹುಡುಗನ ಥರಾನೇ ಮಾಡ್ತಾನಲ್ಲ ಅಂತ.

ನನ್ನನ್ನು ಕೇಳಬೇಕಿದ್ದ ಪ್ರಶ್ನೆ ಇಲ್ಲಿದೆ. ಅಣಕ ಮೊದಲು ನೋಡಿ, ಮೂಲ ಆಮೇಲೆ ನೋಡಿದರೆ ಏನಾಗುತ್ತೆ?

ಮರ್ಯಾದೆ ಹೋಗುತ್ತೆ. ಬೆಂಗಳೂರಿಗೆ ಬಂದ ಮೇಲೆ ಒಂದು ಫಿಲ್ಮ್ ಸೊಸೈಟಿಗೆ ಹೋಗುತ್ತಿದ್ದೆ. ಒಂದು ಭಾನುವಾರ ಆರ್ಸನ್ ವೆಲ್ಸ್‌ನ ‘ಸಿಟಿಜನ್ ಕೇನ್’, 1941ರದ್ದು. ನಲವತ್ತು ಜನ, ಪ್ಲಾಸ್ಟಿಕ್ ಕುರ್ಚಿ, ಗಡ್ಡ ಬಿಟ್ಟವರೇ ಜಾಸ್ತಿ. ಲೈಟು ಆರಿತು. ದೊಡ್ಡ ಬಂಗಲೆ. ಸಾಯುತ್ತಿರುವ ಮುದುಕ. ಕೈಯಲ್ಲಿ ಒಳಗೆ ಹಿಮ ಬೀಳುವ ಗಾಜಿನ ಗೋಲಿ. ತುಟಿ ಮಾತ್ರ ಕಾಣುತ್ತದೆ. "ರೋಸ್‌ಬಡ್" ಅಂತಾನೆ. ಗೋಲಿ ಜಾರಿ ಒಡೆಯುತ್ತದೆ.

ಪ್ರಪಂಚದ ಅತ್ಯಂತ ಗಂಭೀರ ಆರಂಭ ಅಂತ ಹೆಸರಾದದ್ದು. ನಾನು ಕಿಸಕ್ಕನೆ ನಕ್ಕುಬಿಟ್ಟೆ. ಅಷ್ಟೇ ಆಗಿದ್ದರೆ ಕೆಮ್ಮಿ ತಪ್ಪಿಸಿಕೊಳ್ಳಬಹುದಿತ್ತು. ಬಾಯಿಂದ "ಬೋಬೋ" ಅಂತಲೂ ಬಂತು.

ಯಾಕೆಂದರೆ 1993ರ ಸಿಂಪ್ಸನ್ಸ್ ಕಂತಿನಲ್ಲಿ ಅದನ್ನು ನೋಡಿ ಹತ್ತು ವರ್ಷವಾಗಿತ್ತು. ಅಣುಸ್ಥಾವರದ ಮಾಲೀಕ ಬರ್ನ್ಸ್, ಜಿಪುಣ, ದುಷ್ಟ. ಅವನ ಕೈಯಿಂದ ಅದೇ ಗೋಲಿ ಜಾರುತ್ತದೆ. ಅವನು ಅನ್ನುವುದು "ಬೋಬೋ". ಚಿಕ್ಕವನಿದ್ದಾಗ ಬಿಟ್ಟುಬಂದ ಕರಡಿ ಬೊಂಬೆಯ ಹೆಸರು. ಅದು ಊರೆಲ್ಲ ಸುತ್ತಿ ಹೋಮರನ ಕೂಸು ಮ್ಯಾಗಿಯ ಕೈಗೆ ಬಂದಿರುತ್ತದೆ. ದುಡ್ಡು ಕೊಟ್ಟರೂ, ಹೆದರಿಸಿದರೂ ಬರ್ನ್ಸ್‌ಗೆ ಸಿಗುವುದಿಲ್ಲ. ಕೊನೆಗೆ ಕೂಸೇ ಕನಿಕರಪಟ್ಟು ಕೊಟ್ಟುಬಿಡುತ್ತದೆ.

ನಲವತ್ತು ತಲೆ ಹಿಂದೆ ತಿರುಗಿದವು. ಆ ಎರಡು ಗಂಟೆ ಹೇಗೆ ಕೂತಿದ್ದೆನೋ. ಆದರೆ ಕೊನೆಯ ದೃಶ್ಯ ಬಂತು. ರೋಸ್‌ಬಡ್ ಅಂದರೆ ಏನು ಅಂತ ಸಿನಿಮಾದೊಳಗೆ ಯಾರಿಗೂ ಗೊತ್ತಾಗುವುದಿಲ್ಲ. ಹಳೇ ಸಾಮಾನಿನ ಜೊತೆ ಒಂದು ಮರದ ಬಂಡಿಯನ್ನು ಬೆಂಕಿಗೆ ಎಸೆಯುತ್ತಾರೆ. ಮಕ್ಕಳು ಹಿಮದ ಮೇಲೆ ಜಾರುವ ಬಂಡಿ. ಉರಿಯುವಾಗ ಅದರ ಮೇಲೆ ಬರೆದ ಹೆಸರು ಕಾಣುತ್ತದೆ. ನನಗೆ ಗಂಟಲು ಕಟ್ಟಿತು. ಕೇನ್‌ಗೋಸ್ಕರ ಅಂತ ಸುಳ್ಳು ಹೇಳಲಾರೆ. ಬರ್ನ್ಸ್‌ಗಾದರೂ ಬೋಬೋ ಸಿಕ್ಕಿತ್ತು, ಇವನಿಗೆ ಸಿಗಲಿಲ್ಲವಲ್ಲ ಅನ್ನಿಸಿತು. ಕಾಫಿ ಹೊತ್ತಲ್ಲಿ ಒಬ್ಬ ಹಿರಿಯರು ಬಂದು, "ಏನಮ್ಮಾ, ಶುರುವಿನಲ್ಲಿ ನಗ್ತಿದ್ದೆ, ಕೊನೇಲಿ ಅಳ್ತಿದ್ದೆ, ಸಿನಿಮಾ ಅರ್ಥ ಆಯ್ತಾ?" ಅಂದರು. ಮತ್ತೆ ಅದೇ "ತಾ". ನಾನು ಇನ್ನೊಂದು ಕಾಫಿ ತಗೊಂಡೆ.

ಇಷ್ಟು ಬೀಗಿದ ಮೇಲೆ ನನ್ನ ದಡ್ಡತನವನ್ನೂ ಹೇಳಬೇಕು. ಸಿಂಪ್ಸನ್ಸ್ ಇರುವ ಊರಲ್ಲಿ ಒಬ್ಬ ಭಾರತೀಯ ಇದ್ದಾನೆ. ಕ್ವಿಕ್-ಇ-ಮಾರ್ಟ್ ಅನ್ನುವ ಅಂಗಡಿ ಇಟ್ಟಿದ್ದಾನೆ. ಗಿರಾಕಿ ಹೊರಟಾಗ, ಥ್ಯಾಂಕ್ ಯೂ, ಕಮ್ ಅಗೇನ್ ಅಂತಾನೆ. ಹೆಸರು ಅಪು. ಬಾಯಲ್ಲಿ ತಿರುಗದ ಉದ್ದ ಅಡ್ಡಹೆಸರು ಬೇರೆ. ಆ ‘ಅಪು’ ಬಂದದ್ದು ಸತ್ಯಜಿತ್ ರಾಯ್ ಅವರ ಮೂರು ಸಿನಿಮಾಗಳಿಂದ. ‘ಪಥೇರ್ ಪಾಂಚಾಲಿ’ 1955ರದ್ದು. ರೈಲು ನೋಡಲು ಅಕ್ಕನ ಹಿಂದೆ ಓಡುವ ಆ ಹುಡುಗ. ಅದನ್ನು ನಾನು ಚಿಕ್ಕವಳಿದ್ದಾಗಲೇ ದೂರದರ್ಶನದಲ್ಲಿ ನೋಡಿದ್ದೆ. ಇಡೀ ಧಾರಾವಾಹಿಯಲ್ಲಿ ಮೊದಲೇ ಸಿನಿಮಾ ನೋಡಿಕೊಂಡು ಹೋಗಿದ್ದ ರೆಫರೆನ್ಸು ಅದೊಂದೇ. ಅದೇ ನನಗೆ ಹೊಳೆಯಲಿಲ್ಲ. ಯಾರೋ ಬರೆದದ್ದು ಓದಿ ತಿಳಿಯಿತು.

ಹೇಗೆ ಹೊಳೆದೀತು? ಹೆಸರು ರಾಯ್ ಅವರದ್ದು, ಗಂಟಲು ಬೇರೆಯವರದ್ದು. ಧ್ವನಿ ಕೊಟ್ಟ ಹ್ಯಾಂಕ್ ಅಜೇರಿಯಾ ಬಿಳಿಯ ನಟ. 1968ರ ‘ದಿ ಪಾರ್ಟಿ’ಯಲ್ಲಿ ಇಂಗ್ಲೆಂಡಿನ ಪೀಟರ್ ಸೆಲ್ಲರ್ಸ್ ಮೈಗೆ ಕಂದು ಬಣ್ಣ ಬಳಿದುಕೊಂಡು ಭಾರತೀಯನಾಗಿದ್ದ. ಆ ಉಚ್ಚಾರಣೆಯ ನೆರಳು ಅಪುವಿನ ಮಾತಿನ ಮೇಲೆ ಬಿದ್ದಿದೆ ಅಂತ ಅಜೇರಿಯಾನೇ ಹೇಳಿದ್ದಾನೆ. ಅಂದರೆ ಒಬ್ಬನೇ ಮನುಷ್ಯನೊಳಗೆ ಎರಡು ಸಿನಿಮಾ. ಒಂದನ್ನು ಅಮೆರಿಕದಲ್ಲಿ ಎಷ್ಟು ಜನ ನೋಡಿದ್ದರೋ. ಇನ್ನೊಂದು ನೋಡದಿದ್ದರೂ ಕೇಳಿದ ಕೂಡಲೇ ನಗು ಬರುವಂಥದ್ದು. 2017ರಲ್ಲಿ ಹರಿ ಕೊಂಡಬೋಲು ಅನ್ನುವ ಹಾಸ್ಯಗಾರ ಈ ಬಗ್ಗೆ ಸಾಕ್ಷ್ಯಚಿತ್ರ ಮಾಡಿದ. 2020ರಲ್ಲಿ ಅಜೇರಿಯಾ, ಇನ್ನು ಆ ಧ್ವನಿ ಕೊಡಲ್ಲ ಅಂದ.

ನಮ್ಮೂರೂ ಒಮ್ಮೆ ಅದರಲ್ಲಿ ಬಂದಿದೆ. 2006ರ ಏಪ್ರಿಲ್‌ನ ಕಂತು, ‘ಕಿಸ್ ಕಿಸ್, ಬ್ಯಾಂಗ್ ಬ್ಯಾಂಗಲೋರ್’. ಹೆಸರೇ ಇನ್ನೊಂದು ಸಿನಿಮಾದ ಹೆಸರಿನ ತಿರುಚು. ಬರ್ನ್ಸ್ ಅಣುಸ್ಥಾವರದ ಕೆಲಸವನ್ನೆಲ್ಲ ಬೆಂಗಳೂರಿಗೆ ಕಳಿಸುತ್ತಾನೆ. ಹೋಮರ್ ಬಂದು ಇಲ್ಲಿಯವರಿಗೆ ಕಲಿಸಬೇಕು. ಅಧಿಕಾರ ತಲೆಗೇರಿ ತಾನು ದೇವರು ಅಂದುಕೊಳ್ಳುತ್ತಾನೆ. ಆ ದಿನಗಳಲ್ಲಿ ನಾನು ಬೆಂಗಳೂರಿನಲ್ಲೇ ರಾತ್ರಿ ಪಾಳಿಯಲ್ಲಿ ಅಮೆರಿಕದವರ ಫೋನ್ ಎತ್ತುತ್ತಿದ್ದೆ. ಕಂತು ಆಮೇಲೆ ಸಿಕ್ಕಿತು. ಆಸೆಯಿಂದ ನೋಡಿದೆ. ನಾನು ಇಡ್ಲಿ ತಿನ್ನುತ್ತಿದ್ದ ದರ್ಶಿನಿ ಇರಲಿಲ್ಲ, ಸಿಲ್ಕ್ ಬೋರ್ಡ್ ಇರಲಿಲ್ಲ. ಅದು ಹಾಲಿವುಡ್ಡಿನವರು ಸಿನಿಮಾದಲ್ಲಿ ನೋಡಿ ಕಲಿತ ಇಂಡಿಯಾ. ಊರು ನನ್ನದೇ, ರೆಫರೆನ್ಸು ಮಾತ್ರ ಅವರದ್ದು.

ಚಿಕ್ಕಪ್ಪನ ಮಗ ಅಮೆರಿಕಕ್ಕೆ ಹೋದದ್ದು 2003ರ ಶುರುವಿನಲ್ಲಿ. ಅದಕ್ಕೆ ಹಿಂದಿನ ವರ್ಷವಷ್ಟೇ ಪುನೀತ್ ಅವರ ‘ಅಪ್ಪು’ ಬಂದಿತ್ತು. ನಮ್ಮ ಹುಡುಗ ಅದನ್ನು ನಾಲ್ಕು ಸಲ ನೋಡಿದ್ದ. ಸಿಂಪ್ಸನ್ಸ್ ಒಂದು ಸಲವೂ ನೋಡಿರಲಿಲ್ಲ. ಹೋದ ಎರಡನೇ ವಾರ ಫೋನ್ ಮಾಡಿದ. ಖುಷಿ ತಡೆಯೋಕೆ ಆಗುತ್ತಿರಲಿಲ್ಲ. "ಅಕ್ಕಾ, ಇಲ್ಲೂ ಅಪ್ಪು ಗೊತ್ತು ಕಣಕ್ಕ! ಆಫೀಸಲ್ಲಿ ಎಲ್ರೂ ನನ್ನ ಆಪೂ, ಆಪೂ ಅಂತಾರೆ. ಕರೆದು ನಗ್ತಾರೆ, ತುಂಬಾ ಒಳ್ಳೆ ಜನ."

ಆ ರೆಫರೆನ್ಸು ನನಗೆ ತಕ್ಷಣ ಗೊತ್ತಾಯಿತು.

ಚಿಕ್ಕಪ್ಪ ಅಷ್ಟರಲ್ಲಾಗಲೇ ಪೇಟೆಯಲ್ಲೆಲ್ಲ ಹೇಳಿಕೊಂಡು ಬಂದಿದ್ದರು, ಅಮೆರಿಕದಲ್ಲೂ ರಾಜ್‌ಕುಮಾರ್ ಮಗ ಫೇಮಸ್ಸಂತೆ ಅಂತ. ಅವನಿಗೆ ನಿಜ ಯಾವಾಗ ತಿಳಿಯಿತೋ, ಯಾರು ಹೇಳಿದರೋ, ಇವತ್ತಿನವರೆಗೂ ಬಾಯಿ ಬಿಟ್ಟಿಲ್ಲ. ನಾನೂ ಕೇಳಿಲ್ಲ. ಅವತ್ತು ಫೋನಿನಲ್ಲಿ, "ಹೌದೇನೋ, ಪರವಾಗಿಲ್ವೇ" ಅಂದೆ. ರಾತ್ರಿ ಊಟಕ್ಕೆ ಏನು ಮಾಡಿಕೊಂಡೆ ಅಂತ ಕೇಳಿದೆ.