ಕಾರ್ಲ್‌ಟನ್ ಅವರ ಮೌನ, ನನ್ನ ಆಂಪ್‌ನ ಶ್ರುತಿ: 5ಇ3 ಕಟ್ಟುವ ದಿನಚರಿ, ಐದನೆಯ ಕಂತು

ಕಳೆದ ಭಾನುವಾರ ರಾತ್ರಿ ಹತ್ತೂವರೆಯ ಹೊತ್ತಿಗೆ ನಾನೇ ಕಟ್ಟಿದ 5ಇ3, ಎಂದರೆ ಫೆಂಡರ್ ಕಂಪನಿಯ ಹಳೆಯ ನಕ್ಷೆಯ ಗಿಟಾರ್ ಆಂಪ್ (ಗಿಟಾರ್‌ನ ಸದ್ದನ್ನು ಹಿಗ್ಗಿಸುವ ಪೆಟ್ಟಿಗೆ), ಮೊದಲ ಬಾರಿಗೆ ಬಾಯಿ ಮುಚ್ಚಿಕೊಂಡಿತು. ಫ್ಯೂಸ್ ಹಾರಿ ಸುಮ್ಮನಾದದ್ದು ಹಿಂದೆ ಎರಡು ಸಲ ಆಗಿದೆ, ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಈ ಬಾರಿ ಐದೂ ವಾಲ್ವ್‌ಗಳು (ಗಾಜಿನ ನಿರ್ವಾತ ಕೊಳವೆಗಳು) ಬೆಳಗುತ್ತಿದ್ದಾಗ, ವಾಲ್ಯೂಮ್ ಅರ್ಧಕ್ಕಿಂತ ಮೇಲಿದ್ದಾಗ, ತಲೆಯ ಮೇಲಿನ ಫ್ಯಾನ್ ತಿರುಗುವ ಸದ್ದು ಕೇಳಿಸುವಷ್ಟು ಕೋಣೆ ನಿಶ್ಶಬ್ದವಾಯಿತು. ಟರೆಟ್ ಬೋರ್ಡ್, ವೈರಿಂಗ್, ಕ್ಯಾಬಿನೆಟ್ ಎಲ್ಲವೂ ನಿಮಗೆ ಗೊತ್ತಿರುವ ರೀತಿಯಲ್ಲೇ ಆಗಿವೆಯಾದ್ದರಿಂದ ಅವನ್ನು ಬಿಟ್ಟು, ಏಳು ವಾರ ನನ್ನ ನಿದ್ದೆ ತಿಂದ ಹಮ್ (ನುಡಿಸದಿದ್ದಾಗಲೂ ಕೇಳುವ ಗುಂಯ್ ಸದ್ದು) ಒಂದರ ಬಗ್ಗೆಯೇ ಈ ಕಂತನ್ನು ಬರೆಯುತ್ತಿದ್ದೇನೆ.

ಈ ಆಂಪ್ ಕಟ್ಟಲು ಕಾರಣರಾದವರು ಅಮೆರಿಕದ ಗಿಟಾರ್ ವಾದಕ ಲ್ಯಾರಿ ಕಾರ್ಲ್‌ಟನ್ ಎಂಬುದನ್ನು ಹಿಂದಿನ ಕಂತುಗಳಲ್ಲಿ ಬೇಸರ ಬರುವಷ್ಟು ಸಲ ಹೇಳಿದ್ದೇನೆ. 1976ರಲ್ಲಿ ಬಿಡುಗಡೆಯಾದ, ಸ್ಟೀಲಿ ಡ್ಯಾನ್ ತಂಡದ ‘ಕಿಡ್ ಚಾರ್ಲ್‌ಮೇನ್’ ಹಾಡಿಗೆ ಅವರು ನುಡಿಸಿದ ಸೋಲೋ ಗಿಬ್ಸನ್ ಇಎಸ್-335 ಗಿಟಾರ್‌ನಿಂದ ಹೊರಟು ಫೆಂಡರ್‌ನ ಪುಟ್ಟ ಟ್ವೀಡ್ ಡಿಲಕ್ಸ್ ಆಂಪ್‌ನ ಮೂಲಕ ಹೊರಬಂದದ್ದು. ಆ ಆಂಪ್‌ನ ವಂಶದಲ್ಲಿ ನಮ್ಮಂಥ ಹವ್ಯಾಸಿಗಳ ಕೈಗೆ ಎಟುಕುವುದು 1950ರ ದಶಕದ ಎರಡನೆಯ ಅರ್ಧದಲ್ಲಿ ಬಂದ 5ಇ3 ಸರ್ಕ್ಯೂಟ್: ಒಂದು 12ಎವೈ7, ಒಂದು 12ಎಎಕ್ಸ್7, ಎರಡು 6ವಿ6, ಎಸಿಯನ್ನು ಡಿಸಿ ಮಾಡುವ ಒಂದು 5ವೈ3, ಹೀಗೆ ಐದು ವಾಲ್ವ್‌ಗಳು, ಮತ್ತು ಹೆಚ್ಚೆಂದರೆ ಹದಿನೈದು ವಾಟ್. ಆ ಸೋಲೋಗಾಗಿ ಸುಮಾರು ಎರಡು ಗಂಟೆ ನುಡಿಸಿದ್ದನ್ನೆಲ್ಲ ಕೈಬಿಟ್ಟು, ಆಮೇಲೆ ಎರಡು ತುಂಡುಗಳಲ್ಲಿ ಅದನ್ನು ಮುಗಿಸಿದ್ದಾಗಿ ಕಾರ್ಲ್‌ಟನ್ ಅವರೇ ಹೇಳಿಕೊಂಡಿದ್ದಾರೆ. ಜೋಡಣೆ ಎಲ್ಲಿದೆ ಎಂದು ಹುಡುಕುವುದು ನಮ್ಮ ನಾಲ್ವರ ಗುಂಪಿನ ಹಳೆಯ ಆಟವಾಗಿದ್ದು, ಇವತ್ತಿನವರೆಗೆ ಇಬ್ಬರು ಒಂದೇ ಜಾಗವನ್ನು ತೋರಿಸಿದ್ದಿಲ್ಲ.

ಆದರೆ ನಾನು ಅವರ ಅಭಿಮಾನಿಯಾದದ್ದು ಆ ಸೋಲೋದಿಂದಲ್ಲ. ಕಾಲೇಜಿನಲ್ಲಿದ್ದಾಗ ಕೈಯಿಂದ ಕೈಗೆ ದಾಟಿ ಬಂದ ಕ್ಯಾಸೆಟ್‌ಗಳ ಹೊದಿಕೆಯ ಮೇಲೆ ಗಾಯಕರ ಹೆಸರೊಂದನ್ನು ಬಿಟ್ಟರೆ ಬೇರೇನೂ ಇರುತ್ತಿರಲಿಲ್ಲ. ಬೇರೆ ಬೇರೆ ಗಾಯಕರ ಹಾಡುಗಳ ಹಿಂದೆ, ಸಾಲು ಮುಗಿದು ಉಸಿರೆಳೆದುಕೊಳ್ಳುವ ಜಾಗದಲ್ಲಿ, ತಂತಿಯನ್ನು ಮೀಟಿದ ಗುರುತೇ ಇಲ್ಲದೆ, ಹಾಲು ಉಕ್ಕಿ ಬರುವಂತೆ ಒಂದು ಸ್ವರ ಮೇಲೇಳುತ್ತಿತ್ತು. ಪಿಟೀಲೋ, ಆರ್ಗನ್ನೋ, ಗಿಟಾರೋ ಎಂದು ತಿಳಿಯದೆ ಎಷ್ಟೋ ದಿನ ಕೇಳಿದ್ದೇನೆ. ಅದು ಕಾಲಿನಿಂದ ಸದ್ದು ಏರಿಳಿಸುವ ವಾಲ್ಯೂಮ್ ಪೆಡಲ್‌ನ ಕೈಚಳಕವೆಂದೂ, ಅಲ್ಲ, ಕಾಲ್ಚಳಕವೆಂದೂ, ಆ ಕಾಲು 1948ರಲ್ಲಿ ಕ್ಯಾಲಿಫೋರ್ನಿಯಾದ ಟಾರೆನ್ಸ್‌ನಲ್ಲಿ ಹುಟ್ಟಿದ ಈ ಮನುಷ್ಯರದೆಂದೂ ತಿಳಿದದ್ದು ಬಹಳ ತಡವಾಗಿ. ಜೋನಿ ಮಿಚೆಲ್ ಅವರ 1974 ಮತ್ತು 1976ರ ಆಲ್ಬಮ್‌ಗಳಲ್ಲಿ ಅವರು ಹಾಡುಗಾರ್ತಿಯ ಮಾತಿಗೆ ಎಲ್ಲೂ ಅಡ್ಡ ಬರದೆ ಸುತ್ತಲೂ ಸುಳಿಯುವುದನ್ನು ಕೇಳಿದವರು ನನ್ನ ಮಾತನ್ನು ಒಪ್ಪಿಯಾರು. ಸಾವಿರಾರು ರೆಕಾರ್ಡಿಂಗ್‌ಗಳಲ್ಲಿ ನುಡಿಸಿದ ಸೆಷನ್ ಗಿಟಾರ್ ವಾದಕರೊಬ್ಬರನ್ನು (ಬೇರೆಯವರ ರೆಕಾರ್ಡಿಂಗ್‌ಗಳಿಗೆ ನುಡಿಸುವವರು) ಹೆಸರು ತಿಳಿಯುವ ಮುಂಚೆಯೇ ದನಿಯಿಂದ ಗುರುತು ಹಿಡಿದಿದ್ದೆ ಎಂಬುದು ನನ್ನ ಬಾಳಿನ ಕೆಲವೇ ಜಂಬಗಳಲ್ಲಿ ಒಂದು.

ಇಲ್ಲಿಯೇ ತೊಡಕು ಬಂದದ್ದು. ಪೆಡಲ್‌ನಿಂದ ಸ್ವರ ಏಳಬೇಕಾದರೆ ಅದು ಏಳುವುದಕ್ಕೆ ಮುಂಚೆ ಅಲ್ಲಿ ಏನೂ ಇರಬಾರದು. ಹಿಮ್ಮಡಿ ಒತ್ತಿ ತಂತಿ ಮೀಟಿ, ನಿಧಾನವಾಗಿ ಮುಂಗಾಲು ಒತ್ತಿದಾಗ ಕೇಳುವವನಿಗೆ ಶೂನ್ಯದಿಂದ ನಾದ ಹುಟ್ಟಿದಂತೆ ಅನ್ನಿಸಬೇಕು. ನನ್ನ ಆಂಪ್‌ನಲ್ಲಿ ಹಿಮ್ಮಡಿ ಒತ್ತಿದಾಗಲೂ ದಪ್ಪ ಜೇನ್ನೊಣವೊಂದು ಗುಂಯ್‌ಗುಡುತ್ತಲೇ ಇತ್ತು. ಮೇಲೇಳುವ ಸ್ವರ ಅದರ ಬೆನ್ನೇರಿ ಬರುತ್ತಿತ್ತು. ಜೋರಾಗಿ ಬಾರಿಸುವವರಿಗೆ ಇದು ತೊಂದರೆಯೇ ಅಲ್ಲದಿರಬಹುದು. ಕಾರ್ಲ್‌ಟನ್ ಅವರ ಅಭಿಮಾನಿಗೆ ಮಾತ್ರ ಆಂಪ್ ಕಟ್ಟಿದ ಉದ್ದೇಶವೇ ಹಾಳಾದಂತೆ.

ಗಿಟಾರ್‌ನ ಮೇಲೆ ಅನುಮಾನ ಪಡುವಂತಿರಲಿಲ್ಲ. ನನ್ನದು 335ರ ಅಗ್ಗದ ನಕಲಾದರೂ ಅದರ ಪಿಕಪ್‌ಗಳು ಹಮ್ ಅನ್ನು ತಾವೇ ಅಳಿಸುವ ಹಮ್‌ಬಕರ್‌ಗಳೇ, ಮತ್ತು ಕೇಬಲ್ ಕಿತ್ತಿಟ್ಟರೂ ಸದ್ದು ಕಡಿಮೆಯಾಗಲಿಲ್ಲ. ಡಿಸಿಯಲ್ಲಿ ಉಳಿದ ಏರಿಳಿತವನ್ನು ಸೋಸುವ ಫಿಲ್ಟರ್ ಕೆಪಾಸಿಟರ್‌ಗಳನ್ನು ದೂರಿದೆ. ಮೂರು 16 ಮೈಕ್ರೋಫ್ಯಾರಡ್‌ನವನ್ನು ತೆಗೆದು 22ರವನ್ನು ಹಾಕಿದೆ. ಜೇಬು ಹಗುರವಾದದ್ದನ್ನು ಬಿಟ್ಟರೆ ಬೇರೇನೂ ಬದಲಾಗಲಿಲ್ಲ. ವಾಲ್ವ್‌ಗಳನ್ನು ಕಾಯಿಸುವ ಹೀಟರ್ ವೈಂಡಿಂಗ್‌ಗೆ ಸೆಂಟರ್ ಟ್ಯಾಪ್ (ನಡುವಿನ ತಂತಿ) ಇರಲಿಲ್ಲವಾದ್ದರಿಂದ ಎರಡು 100 ಓಮ್ ರೆಸಿಸ್ಟರ್‌ಗಳಿಂದ ಕೃತಕ ನಡುಬಿಂದುವನ್ನು ಮಾಡಿ, ಅದನ್ನು 6ವಿ6ಗಳ ಕ್ಯಾಥೋಡ್‌ಗೆ ಕಟ್ಟಿ ಇಪ್ಪತ್ತು ವೋಲ್ಟ್‌ನಷ್ಟು ಮೇಲೆತ್ತಿದೆ. ಜೇನ್ನೊಣ ಒಂದು ಅಡಿ ದೂರ ಸರಿದಂತೆ ಅನ್ನಿಸಿತು, ಅಷ್ಟೇ. ಗ್ರೌಂಡ್ ತಂತಿಗಳನ್ನೆಲ್ಲ ಕಿತ್ತು ಒಂದೇ ಬಿಂದುವಿಗೆ ತಂದೆ, ಇನ್‌ಪುಟ್ ಜ್ಯಾಕ್‌ಗಳನ್ನು ಚಾಸಿಯಿಂದ (ಲೋಹದ ಚೌಕಟ್ಟಿನಿಂದ) ಬೇರ್ಪಡಿಸಿದೆ, ಒಮ್ಮೆ ಬೇಸರದಲ್ಲಿ ಇಡೀ ಬೋರ್ಡನ್ನೇ ಬೇರ್ಪಡಿಸಿಬಿಡೋಣವೆಂದು ಹೊರಟೆ. ಗುಂಪಿನ ಗೆಳೆಯನಿಗೆ ಫೋನ್ ಮಾಡಿ ಗೋಳಾಡಿದಾಗ ಅವನು, “1988ರಲ್ಲಿ ಸ್ಟುಡಿಯೋ ಹೊರಗೆ ಗಂಟಲಿಗೆ ಗುಂಡು ಬಿದ್ದು ತೋಳಿನ ನರಕ್ಕೆ ಪೆಟ್ಟಾದ ನಿನ್ನ ಕಾರ್ಲ್‌ಟನ್ ಅವರೇ ಎದ್ದು ಬಂದು ಮತ್ತೆ ಗಿಟಾರ್ ಹಿಡಿದರಂತೆ, ನಿನ್ನದೇನಯ್ಯ ಒಂದು ಹಮ್!” ಎಂದು ಫೋನ್ ಇಟ್ಟ. ಅವನ ಮಾತು ಸತ್ಯವೇ ಆದರೂ ಆ ಹೊತ್ತಿಗೆ ಸಹಿಸಲಾಗಲಿಲ್ಲ.

ದಾರಿ ತೋರಿಸಿದವರು ನನ್ನ ತಾಯಿ. ಅವರು ನಲವತ್ತು ವರ್ಷ ಮಕ್ಕಳಿಗೆ ಸಂಗೀತ ಪಾಠ ಹೇಳಿದವರು. ಒಂದು ಸಂಜೆ ಬಾಗಿಲಿಗೆ ಬಂದು, “ಶ್ರುತಿಪೆಟ್ಟಿಗೆ ಹಾಕಿಟ್ಟು ಏನು ಮಾಡ್ತಾ ಇದ್ದೀಯೋ? ಅದೂ ಶ್ರುತಿ ಸೇರಿಲ್ಲ” ಎಂದರು. ಇದು ಶ್ರುತಿಪೆಟ್ಟಿಗೆಯಲ್ಲ ಅಮ್ಮ, ಆಂಪು ಎಂದೆ. ಅವರು ಸ್ವಲ್ಪ ಹೊತ್ತು ಕಿವಿಗೊಟ್ಟು ಕೇಳಿ, “ತಂಬೂರಿಯ ಮಂದ್ರದ ತಂತಿ ಮೀಟಿದ ಹಾಗಿದೆ ಕಣೋ. ಮೇಲೆ ಪಂಚಮ ಕೇಳ್ತಿದೆ, ಅಂತರ ಗಾಂಧಾರವೂ ಕೇಳ್ತಿದೆ. ಆದರೆ ಮೇಲಿನ ಷಡ್ಜವೇ ಇಲ್ಲವಲ್ಲ, ಇದೆಂಥ ತಂಬೂರಿ?” ಎಂದು ಹೇಳಿ ಒಳಗೆ ಹೋದರು.

ನಾನು ಬೆಸುಗೆ ಕಡ್ಡಿಯನ್ನು ಕೈಯಲ್ಲಿ ಹಿಡಿದು ಹಾಗೆಯೇ ಕುಳಿತೆ. ನಮ್ಮ ಮನೆಯ ವಿದ್ಯುತ್ತು 50 ಹರ್ಟ್ಸ್. ಕೆಪಾಸಿಟರ್‌ಗಳು ಸರಿಯಾಗಿ ಸೋಸದೆ ಬಿಟ್ಟ ರಿಪಲ್ (ಏರಿಳಿತ) ಆಗಿದ್ದರೆ ಸದ್ದು 100 ಹರ್ಟ್ಸ್‌ನಿಂದ ಶುರುವಾಗಿ 200, 300, 400 ಎಂದು ಏರುತ್ತಿತ್ತು, ಎಂದರೆ ಷಡ್ಜದ ಮೇಲೆ ಷಡ್ಜ ಕೇಳಲೇಬೇಕಿತ್ತು. ಪಂಚಮವಿದ್ದು ಮೇಲಿನ ಷಡ್ಜವಿಲ್ಲ ಎಂದರೆ 150 ಇದೆ, 100 ಇಲ್ಲ. ಗಾಂಧಾರವಿದೆ ಎಂದರೆ 250 ಇದೆ, 200 ಇಲ್ಲ. ಬೆಸ ಸಂಖ್ಯೆಯ ಹಾರ್ಮೋನಿಕ್‌ಗಳು (ಮೂಲದ ಮೂರು, ಐದು ಪಟ್ಟಿನವು) ಮಾತ್ರ ಹೀಗೆ ಮೆರೆಯುವುದು ಟ್ರಾನ್ಸ್‌ಫಾರ್ಮರ್‌ನೊಳಗಿನ ಕಬ್ಬಿಣದ ಕೋರ್ ಕಾಂತತ್ವದಿಂದ ತುಂಬಿ ತುಳುಕಿದಾಗ. ಫೋನಿನ ಸ್ಪೆಕ್ಟ್ರಮ್ ಆ್ಯಪ್ ತೆರೆದು ನೋಡಿದರೆ 50, 150, 250ರಲ್ಲಿ ಮೂರು ಗೋಪುರಗಳು ನಿಂತಿದ್ದವು. ಮೂರು ವಾರ ನಾನು ಕೆಪಾಸಿಟರ್‌ಗಳನ್ನು ಬೈದದ್ದು ವ್ಯರ್ಥವಾಯಿತು.

ಮೊದಲೇ ಮಾಡಬೇಕಾಗಿದ್ದ ಕೆಲಸವನ್ನು ಆಗ ಮಾಡಿದೆ, ನೀವು ಬೈಯುವುದು ನ್ಯಾಯವೇ. 12ಎವೈ7 ಕಿತ್ತೆ, ಹಮ್ ಇತ್ತು. 12ಎಎಕ್ಸ್7 ಕಿತ್ತೆ, ಇತ್ತು. ಎರಡೂ 6ವಿ6ಗಳನ್ನೂ 5ವೈ3ಯನ್ನೂ ಒಟ್ಟಿಗೆ ತೆಗೆದ ಮೇಲೆ ಬೋರ್ಡಿಗೆ ಹೈ ವೋಲ್ಟೇಜೇ ಇಲ್ಲ, ಆದರೂ ಸ್ಪೀಕರ್‌ಗೆ ಕಿವಿ ಹಚ್ಚಿದರೆ ಅದೇ ಪಂಚಮ, ಅದೇ ಗಾಂಧಾರ. ವಾಲ್ವ್ ಒಂದೂ ಇಲ್ಲದ ಆಂಪ್ ಹಾಡುತ್ತಿದೆ ಎಂದರೆ ಆಂಪ್‌ಗೆ ಕರೆಂಟ್ ಒದಗಿಸುವ ಪವರ್ ಟ್ರಾನ್ಸ್‌ಫಾರ್ಮರ್‌ನ ಕಾಂತಕ್ಷೇತ್ರ, ಸ್ಪೀಕರ್‌ಗೆ ನಾದ ಕಳಿಸುವ ಪಕ್ಕದ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್‌ನೊಳಗೆ ನೇರವಾಗಿ ನುಗ್ಗುತ್ತಿದೆ ಎಂದೇ ಅರ್ಥ.

ಈಗ ಟ್ರಾನ್ಸ್‌ಫಾರ್ಮರ್ ಕಳಿಸಿದವರ ವಿಷಯಕ್ಕೆ ಬರುತ್ತೇನೆ. ಹೆಸರು ಹೇಳುವುದಿಲ್ಲ. 230 ವೋಲ್ಟ್, 50 ಹರ್ಟ್ಸ್ ಬೇಕೆಂದು ಮೂರು ಸಲ ಬರೆದಿದ್ದೆ. “ಆಗುತ್ತೆ ಸಾರ್, ಧಾರಾಳವಾಗಿ ಆಗುತ್ತೆ” ಎಂಬ ಉತ್ತರ ಮೂರು ಸಲ ಬಂದಿತ್ತು. ಬಂದದ್ದು 60 ಹರ್ಟ್ಸ್‌ಗೆ ಲೆಕ್ಕ ಹಾಕಿದ ಕೋರ್‌ಗೆ 230ರ ಪ್ರೈಮರಿ (ಮನೆಯ ಕರೆಂಟ್ ಪಡೆಯುವ ಸುರುಳಿ) ಸುತ್ತಿದ ಸರಕು. ಅದೇ ವೋಲ್ಟೇಜಿಗೆ ಆವರ್ತನ 60ರಿಂದ 50ಕ್ಕೆ ಇಳಿದರೆ ಕೋರ್‌ನ ಫ್ಲಕ್ಸ್ ನೂರಕ್ಕೆ ಇಪ್ಪತ್ತರಷ್ಟು ಏರುತ್ತದೆ, ಕಬ್ಬಿಣ ತಡೆಯಲಾರದೆ ಹೊರಚೆಲ್ಲುತ್ತದೆ. ಮೈ ಮುಟ್ಟಿದರೆ ದೋಸೆ ಹೆಂಚಿನಷ್ಟು ಬಿಸಿ ಯಾಕೆಂದು ಆಗಲೇ ಅನುಮಾನ ಬರಬೇಕಿತ್ತು. ವಾಪಸ್ ಕೊಡುತ್ತೇನೆಂದಾಗ, ಬೆಸುಗೆ ಹಾಕಿದ ಮಾಲನ್ನು ತೆಗೆದುಕೊಳ್ಳುವುದಿಲ್ಲವೆಂದರು. ಬೆಸುಗೆ ಹಾಕದೆ ಹಮ್ ಕಂಡುಹಿಡಿಯುವ ವಿದ್ಯೆಯನ್ನು ಅವರೇ ಕಲಿಸಬೇಕು. ನನ್ನ ತಪ್ಪೂ ಇದೆ: ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಹಾಳೆ ಅಗ್ಗಕ್ಕೆ ಸಿಕ್ಕಿತೆಂದು ಚಾಸಿಯನ್ನು ಅಲ್ಯೂಮಿನಿಯಂನಲ್ಲಿ ಮಾಡಿಸಿದೆ. ಈ ಕಾಂತಕ್ಷೇತ್ರಕ್ಕೆ ಅಲ್ಯೂಮಿನಿಯಂ ಹಾಳೆ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಉಕ್ಕಿನ ಚಾಸಿ ಸ್ವಲ್ಪವಾದರೂ ತಡೆಯುತ್ತಿತ್ತು.

ಹೊಸ ಟ್ರಾನ್ಸ್‌ಫಾರ್ಮರ್ ಸುತ್ತಿಸಲು ಕೊಟ್ಟು, ಅದು ಬರುವವರೆಗೆ ಹಳೆಯ ಹೆಡ್‌ಫೋನ್ ಉಪಾಯಕ್ಕೆ ಕೈ ಹಾಕಿದೆ. ಕೆಪಾಸಿಟರ್‌ಗಳಲ್ಲಿ ಉಳಿದ ಚಾರ್ಜ್ ಇಳಿಸಿ, ಮೀಟರ್ ಹಿಡಿದು ಸೊನ್ನೆಯೆಂದು ಖಚಿತಪಡಿಸಿಕೊಂಡು, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್‌ನ ಎಲ್ಲ ತಂತಿಗಳನ್ನು ಬಿಡಿಸಿದೆ. ಅದರ ಸೆಕೆಂಡರಿಗೆ (ಸ್ಪೀಕರ್ ಕಡೆಯ ಸುರುಳಿಗೆ) ಅಗ್ಗದ ಹೆಡ್‌ಫೋನ್ ಸಿಕ್ಕಿಸಿ, ಪವರ್ ಟ್ರಾನ್ಸ್‌ಫಾರ್ಮರ್‌ಗೆ ಮಾತ್ರ ಕರೆಂಟ್ ಕೊಟ್ಟು, ಬಿಡಿಯಾದ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಅನ್ನು ಕೈಯಲ್ಲಿ ಹಿಡಿದು ಚಾಸಿಯ ಮೇಲೆಲ್ಲ ಓಡಾಡಿಸಿದೆ. ಇದ್ದ ಜಾಗದಲ್ಲಿ ತಂಬೂರಿ ಜೋರಾಗಿ ನುಡಿಯಿತು. ತೊಂಬತ್ತು ಡಿಗ್ರಿ ತಿರುಗಿಸಿದರೆ ಸಾಕು ಎಂದು ಎಲ್ಲರೂ ಬರೆಯುತ್ತಾರಾದರೂ ನನ್ನದರಲ್ಲಿ ಅದು ಅರ್ಧ ಇಳಿಯಿತು ಅಷ್ಟೇ. ಇನ್ನೂ ಒಂದು ಗೇಣು ದೂರ ಸರಿಸಿ, ಅಡ್ಡ ಮಲಗಿಸಿ, ಒಂದು ಬದಿಯನ್ನು ಬೆರಳಿನಷ್ಟು ಎತ್ತಿದಾಗ ಹೆಡ್‌ಫೋನಿನಲ್ಲಿ ಪಂಚಮ ಆರಿತು, ಗಾಂಧಾರ ಆರಿತು, ಮಂದ್ರ ಷಡ್ಜ ದೂರದ ಬೀದಿಗೆ ಸರಿಯಿತು. ಒಂದು ಕೂದಲೆಳೆ ಅತ್ತ ವಾಲಿದರೆ ಮತ್ತೆ ಶುರು. ಅದೇ ಕೋನಕ್ಕೆ ಎಲ್ ಆಕಾರದ ಬ್ರಾಕೆಟ್ ಬಗ್ಗಿಸಿ ಕೂರಿಸಿದ್ದೇನೆ. ನೋಡಲು ಬಸ್ಸಿನಲ್ಲಿ ತೂಕಡಿಸಿ ಪಕ್ಕದವರ ಹೆಗಲಿಗೆ ವಾಲಿದ ಪ್ರಯಾಣಿಕನಂತಿದೆ.

ಬ್ರಾಕೆಟ್‌ನ ಅಂಟು ಒಣಗುವವರೆಗೆ ಕುಳಿತಿದ್ದಾಗ ಮುಂದಿನ ಯೋಜನೆಯ ಚಿತ್ರವೂ ಬರೆದದ್ದಾಯಿತು. ಕಾರ್ಲ್‌ಟನ್ ಅವರು ಟ್ವೀಡ್‌ನ ಕಾಲ ಮುಗಿದ ಮೇಲೆ ಅಲೆಕ್ಸಾಂಡರ್ ಡಂಬಲ್ ಅವರು ಕಟ್ಟಿದ ಆಂಪ್‌ಗಳತ್ತ ಹೊರಳಿದರು. ಆ ಪುಣ್ಯಾತ್ಮರು ಯಾರೂ ನಕಲು ಮಾಡಬಾರದೆಂದು ತಮ್ಮ ಸರ್ಕ್ಯೂಟ್‌ಗಳ ಮೇಲೆ ಎಪಾಕ್ಸಿ (ಗಟ್ಟಿಯಾಗುವ ರಾಳ) ಸುರಿದು ಮುಚ್ಚುತ್ತಿದ್ದರು. ಅಷ್ಟಾದರೂ ನಕ್ಷೆಗಳು ಹೊರಬಂದವು. ಆ ಮಾದರಿಯದೊಂದನ್ನು ಕಟ್ಟುವ ಆಸೆ ಇದೆ. ಉಕ್ಕಿನ ಚಾಸಿ, 50 ಹರ್ಟ್ಸ್ ಎಂದು ನನ್ನ ಕಣ್ಣೆದುರೇ ಅಳೆದು ಕೊಟ್ಟ ಟ್ರಾನ್ಸ್‌ಫಾರ್ಮರ್, ಮತ್ತು ಎಪಾಕ್ಸಿಯ ಬದಲು ಅಮ್ಮನ ಕಿವಿ. ಮನೆಯಲ್ಲಿ ಇನ್ನೂ ಹೇಳಿಲ್ಲ.

ಭಾನುವಾರ ರಾತ್ರಿ ಎಲ್ಲವನ್ನೂ ಮರಳಿ ಬೆಸೆದು ಸ್ವಿಚ್ ಒತ್ತಿದೆ. ಪೂರ್ತಿ ನಿಶ್ಶಬ್ದವೆಂದರೆ ಸುಳ್ಳಾದೀತು, ಗ್ರಿಲ್‌ಗೆ ಮೂಗು ತಾಗಿಸಿದರೆ ಇನ್ನೂ ಒಂದು ಸೊಳ್ಳೆ ಇದೆ, ಹೊಸ ಟ್ರಾನ್ಸ್‌ಫಾರ್ಮರ್ ಬಂದ ಮೇಲೆ ಅದನ್ನೂ ನೋಡಿಕೊಳ್ಳುವೆ. ಕುರ್ಚಿಯಲ್ಲಿ ಕುಳಿತು, 335ರ ನಕಲನ್ನು ತೊಡೆಯ ಮೇಲಿಟ್ಟು, ಪೆಡಲ್‌ನ ಹಿಮ್ಮಡಿ ಒತ್ತಿ, ಕ್ಯಾಸೆಟ್‌ಗಳ ಕಾಲದಿಂದ ಕಿವಿಯಲ್ಲಿರುವ ಒಂದು ಸ್ವರವನ್ನು ಮೀಟಿದೆ. ಏನೂ ಕೇಳಲಿಲ್ಲ. ಉಸಿರು ಹಿಡಿದು ಮುಂಗಾಲನ್ನು ನಿಧಾನವಾಗಿ ಒತ್ತಿದೆ.

ಏಳು ವಾರ ಹಮ್ ಮುಚ್ಚಿಟ್ಟಿದ್ದ ಗುಟ್ಟು ಆಗ ಹೊರಬಿತ್ತು: ಪೆಡಲ್‌ನ ಪಾಟ್ (ಸದ್ದು ಏರಿಳಿಸುವ ತಿರುಗು ರೆಸಿಸ್ಟರ್) ಒಳಗೆ ಧೂಳು ಕಟ್ಟಿ, ಹಪ್ಪಳ ಮುರಿದ ಹಾಗೆ ಕರಕರ ಎನ್ನುತ್ತಿದೆ. ನಾಳೆ ಕಾಂಟ್ಯಾಕ್ಟ್ ಕ್ಲೀನರ್ ತರಬೇಕು.